ಅಂಗಡಿಯಲ್ಲಿ ಸಿಗದ ತೋಟೆ

ಬೀವರ್ ಕ್ರೀಕ್, ಮಿಷಿಗನ್
ಏಪ್ರಿಲ್ 9, 1962

ಆರ್ಮಸ್ ನಿಯೆಮೆಲಾ ಅವರಿಗೆ,

ನಿಮ್ಮ ವಿಳಾಸ ಕೊಟ್ಟವರು ಪಾದ್ರಿಗಳು. ನನ್ನ ಗಂಡ ರೇನೋ ತೀರಿಕೊಂಡದ್ದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಫೆಬ್ರವರಿಯಲ್ಲಿ ಕೆಂಪು ಹೂವಿನ ಬುಟ್ಟಿಯೊಂದು ಬಂದಿತ್ತು, ಹೆಸರಿರಲಿಲ್ಲ. ಆ ಚಳಿಯಲ್ಲಿ ಹೂವಿಗೆ ದುಡ್ಡು ಸುರಿಯುವ ದುಂದುಗಾರ ನನಗೆ ತಿಳಿದಂತೆ ಒಬ್ಬನೇ. ರೇನೋ ಇನ್ನೂ ಸ್ಮಶಾನದ ಕಲ್ಲುಕೋಣೆಯಲ್ಲೇ ಇದ್ದಾನೆ. ನೆಲ ಕರಗಿದ ಮೇಲೆ, ಮೇ ತಿಂಗಳಲ್ಲಿ ಮಣ್ಣು.

ಹರಟೆಗೆಂದು ಬರೆಯುತ್ತಿಲ್ಲ. ಅವನು ಯುದ್ಧದಿಂದ ತಂದ ಜಪಾನಿ ಕೋವಿ ಅಡುಗೆಮನೆಯ ಬಾಗಿಲ ಮೇಲೆ ಹಾಗೆಯೇ ಇದೆ. ಬರುವ ನವೆಂಬರಿನಲ್ಲಿ ಅದನ್ನು ಹಿಡಿದು ಅವನು ಕೂರುತ್ತಿದ್ದ ಜಾಗದಲ್ಲಿ ನಾನು ಕೂರಬೇಕೆಂದಿದ್ದೇನೆ. ನಗಬೇಡಿ. ಐವತ್ತಾರು ವರ್ಷದ ಹೆಂಗಸು ಜಿಂಕೆ ಹೊಡೆಯಬಾರದೆಂದು ಸರ್ಕಾರ ಎಲ್ಲೂ ಹೇಳಿಲ್ಲ. ಕೊನೆಕೊನೆಯ ವರ್ಷಗಳಲ್ಲಿ ಅವನಿಗೆ ಒಂದು ಜಿಂಕೆಯೂ ಸಿಗಲಿಲ್ಲ. ಆದರೂ ಬೆಳಗಾಗುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅಷ್ಟು ಹೊತ್ತು ಅಲ್ಲಿ ಏನು ಮಾಡುತ್ತಿದ್ದ ಎಂದು ನನಗೆ ನೋಡಬೇಕು.

ಹಾರ್ಡ್‌ವೇರ್ ಅಂಗಡಿಯ ಎಡ್ಡಿ ಒಂದು ಪೆಟ್ಟಿಗೆ ತೋಟೆ ಕೊಟ್ಟಿದ್ದಾನೆ. "ಮಿಸೆಸ್ ಕಾಂಗಸ್, ಇದೇ ನೋಡಿ. ಜಪಾನಿ ಕೋವಿಗೆ ಜಪಾನಿ ಅಳತೆ ತೋಟೆ, ಮಾಡಿದ್ದು ಸ್ವೀಡನ್ನಲ್ಲಿ. ಪುಸ್ತಕ ನೋಡೇ ಕೊಡ್ತಿದೀನಿ," ಎಂದ. ಒಂದನ್ನು ಹಾಕಿ ನೋಡಿದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗೆ ಹೋಯಿತು. ಆದರೂ ಈ ಕೋವಿಗೆ ನೀವು ಹಿಂದೆ ಏನೋ ಕೆಲಸ ಮಾಡಿದ್ದಿರಿ ಎಂಬ ನೆನಪು, ಅದಕ್ಕೇ ಒಂದು ಮಾತು ಕೇಳುತ್ತಿದ್ದೇನೆ. ಬರುವ ಭಾನುವಾರದವರೆಗೆ ಕಾಯುತ್ತೇನೆ. ಆಮೇಲೆ ಸೌನಾ ಬಚ್ಚಲುಮನೆಯ ಹಿಂದೆ ಡಬ್ಬಿ ಇಟ್ಟು ಹಾರಿಸಿ ನೋಡುವುದೇ.

ಸೈಮಿ ಕಾಂಗಸ್


ಗ್ರೀನ್ ಬೇ, ವಿಸ್ಕಾನ್ಸಿನ್
ಏಪ್ರಿಲ್ 12, 1962

ಸೈಮಿ ಅವರೇ,

ಹಾರಿಸಬೇಡಿ. ಇದನ್ನು ತುರ್ತು ಟಪಾಲಿಗೆ ಹಾಕುತ್ತಿದ್ದೇನೆ. ತೋಟೆ ಕೋವಿಯಲ್ಲೇ ಇದ್ದರೆ ಈಗಲೇ ತೆಗೆಯಿರಿ.

ಎಡ್ಡಿಯ ಪುಸ್ತಕ ಸರಿಯಾಗಿಯೇ ಇದೆ, ಆದರೆ ನಿಮ್ಮ ಕೋವಿ ಆ ಪುಸ್ತಕದಲ್ಲಿಲ್ಲ. ಯುದ್ಧ ಮುಗಿದ ಹೊಸದರಲ್ಲಿ ಜಪಾನಿ ತೋಟೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ತೋಟೆ ಕೂರುವ ಗೂಡನ್ನು ನಾನು ಉದ್ದಕ್ಕೂ ಅಗಲಕ್ಕೂ ಕೊರೆದು, ಬೇರೊಂದು ತೋಟೆಯ ಹಿತ್ತಾಳೆ ಚಿಪ್ಪನ್ನು ಒತ್ತಿ ಸಣ್ಣ ಮಾಡಿ, ಅದಕ್ಕೆ ಹೊಂದಿಸಿದೆ. ಆಗ ಎಲ್ಲರೂ ಹೀಗೆಯೇ ಮಾಡುತ್ತಿದ್ದರು. ನಳಿಗೆಯ ಹೊರಗೆ ಜಪಾನಿ ಅಕ್ಷರ ಹಾಗೆಯೇ ಉಳಿದಿದೆ, ಕೊರೆದದ್ದನ್ನು ನಾನು ಎಲ್ಲೂ ಕೆತ್ತಲಿಲ್ಲ. ಎಡ್ಡಿಯ ತೋಟೆ ಆ ಗೂಡಿನಲ್ಲಿ ಅಪ್ಪನ ಬೂಟಿನಲ್ಲಿ ಮಗುವಿನ ಕಾಲಿದ್ದ ಹಾಗೆ ಸಡಿಲವಾಗಿ ಕೂರುತ್ತದೆ. ಹಾರಿಸಿದರೆ ಚಿಪ್ಪು ಒಡೆದು ಬೆಂಕಿ ಹಿಂದಕ್ಕೆ, ನಿಮ್ಮ ಕಣ್ಣಿಗೆ ಬರುತ್ತದೆ. ಸುಲಭವಾಗಿ ಒಳಗೆ ಹೋಯಿತು ಎಂದು ಬರೆದಿದ್ದೀರಿ. ಅದನ್ನು ಓದಿದವನೇ ಕೆಲಸ ಬಿಟ್ಟು ಇದನ್ನು ಬರೆಯಲು ಕೂತೆ.

ಆ ಕೋವಿಗೆ ಹೊಂದುವ ತೋಟೆ ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ಮಾಡುತ್ತಿದ್ದವನು ನಾನೊಬ್ಬನೇ. ಈಗ ಮಾಡುವುದಿಲ್ಲ. ಯಾಕೆಂದು ರೇನೋ ನಿಮಗೆ ಹೇಳಿರಬೇಕು.

ಕೋವಿ ಬಾಗಿಲ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅಲ್ಲೇ ಇರಲಿ.

ಆರ್ಮಸ್


ಬೀವರ್ ಕ್ರೀಕ್
ಮೇ 21, 1962

ಆರ್ಮಸ್ ಅವರಿಗೆ,

ಎಡ್ಡಿಗೆ ತೋಟೆ ವಾಪಸು ಕೊಟ್ಟೆ. ನಿಮ್ಮ ಕಾಗದ ಓದಿ ಹೇಳಿದಾಗ ಅವನ ಮುಖ ಸುಣ್ಣದ ಹಾಗಾಯಿತು. ನನ್ನ ಕಣ್ಣು ಉಳಿಸಿದ್ದಕ್ಕೆ ಉಪಕಾರವಾಯಿತು. ಹೇಳಬೇಕಾದದ್ದು, ಹೇಳಿದ್ದೇನೆ.

ಕಳೆದ ಶನಿವಾರ ರೇನೋನನ್ನು ಮಣ್ಣು ಮಾಡಿದೆವು. ಮೂರು ತಿಂಗಳು ಕಾದು ಮಣ್ಣು ಮಾಡುವುದು ಎಂದರೆ ಎರಡು ಸಲ ಕಳೆದುಕೊಂಡ ಹಾಗೆ. ಮೊದಲ ಸಲ ಮನೆ ತುಂಬ ಜನ, ಕಾಫಿ, ಏಲಕ್ಕಿ ರೊಟ್ಟಿ. ಈ ಸಲ ನಾನು, ಪಾದ್ರಿ, ಗುಂಡಿ ತೋಡುವ ಇಬ್ಬರು. ಬಂದವಳೇ ಸೌನಾದ ಒಲೆಗೆ ಬೆಂಕಿ ಹಾಕಿದೆ. ಒಬ್ಬಳಿಗೆ ಅಷ್ಟು ಸೌದೆ ದಂಡ ಅನ್ನಿಸಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಈಗ ನನಗೊಂದು ಲೆಕ್ಕ ತಾಳೆಯಾಗುತ್ತಿಲ್ಲ. ಅಂಗಡಿಯ ತೋಟೆ ಆಗದು, ನೀವು ನಮ್ಮ ಮನೆಗೆ ಬರುವುದು ಬಿಟ್ಟಾಗಿನಿಂದ ಕೊಡುವುದನ್ನೂ ನಿಲ್ಲಿಸಿದಿರಿ. ಹಾಗಾದರೆ ಒಂಬತ್ತು ವರ್ಷ ಅವನು ಹಾರಿಸಿದ್ದು ಏನನ್ನು? ಮನೆಯ ಡಬ್ಬಿ, ಡ್ರಾಯರು, ದನದ ಕೊಟ್ಟಿಗೆಯ ಅಟ್ಟ ಎಲ್ಲ ಹುಡುಕಿದೆ. ಒಂದು ತೋಟೆಯೂ ಇಲ್ಲ. "ಏನೂ ಬರ್ಲಿಲ್ಲ ಸೈಮಿ" ಎನ್ನುತ್ತ ಒಳಗೆ ಬರುತ್ತಿದ್ದ, ಕೋವಿ ಒರೆಸಿ ಮೇಲಿಡುತ್ತಿದ್ದ. ಸಹಕಾರಿ ಅಂಗಡಿಯಲ್ಲಿ ಗಂಡಸರು ಬಿಡುತ್ತಿರಲಿಲ್ಲ. "ರೇನೋ, ಈ ಸಲ ಜಿಂಕೆ ಬಂದ್ರೆ ನಮ್ಮ ನಮಸ್ಕಾರನೂ ಹೇಳಪ್ಪ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಜಿಂಕೆ ಕಂಡರೆ ನಡುಗುವವನು ಎಂಬ ಹೆಸರಿನಲ್ಲೇ ಸತ್ತ.

ನಿಮ್ಮ ವಿಷಯ ಕೇಳಿದಾಗೆಲ್ಲ "ಆರ್ಮಸ್‌ಗೆ ಅಂಗಡಿ ಕೆಲಸ ಜಾಸ್ತಿ" ಎಂದಷ್ಟೇ ಹೇಳಿದ. ನಮ್ಮ ಮದುವೆಯಲ್ಲಿ ಅವನ ಪಕ್ಕ ನಿಂತವರು ನೀವು. ಬೇಟೆ ಕ್ಯಾಂಪಿನಲ್ಲಿ ನಿಮ್ಮಿಬ್ಬರ ನಡುವೆ ಏನು ನಡೆಯಿತೆಂದು ನೀವಾದರೂ ಹೇಳಿ.

ಸೈಮಿ


ಗ್ರೀನ್ ಬೇ
ಜೂನ್ 17, 1962

ಸೈಮಿ ಅವರೇ,

ಸತ್ತವನ ಮೇಲೆ ದೂರು ಬರೆಯುವುದು ನನಗೆ ಇಷ್ಟವಿಲ್ಲ. ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಐವತ್ತಮೂರರ ನವೆಂಬರ್. ಆ ಬೇಸಿಗೆಯಲ್ಲೇ ನಾನು ಕೋವಿ, ತೋಟೆಯ ಅಂಗಡಿ ತೆರೆದಿದ್ದೆ. ಬೇಟೆಯ ಕಾಲ ಶುರುವಾದ ದಿನ ನಮ್ಮ ಕ್ಯಾಂಪಿನ ವೈನೋ ಮತ್ತೆ ಇಬ್ಬರು ಜೌಗಿನ ಕಡೆಯಿಂದ ಜಿಂಕೆ ಎಬ್ಬಿಸುತ್ತ ಕಾಡು ಸೋಹಿಕೊಂಡು ಬಂದರು. ದೊಡ್ಡ ಕೊಂಬಿನ ಜಿಂಕೆಯೊಂದು ರೇನೋನ ಎದುರಿಗೇ ಹಾದು ಹೋಯಿತು. ವೈನೋ ಕಣ್ಣಾರೆ ಕಂಡ. ರೇನೋ ಕೋವಿ ಎತ್ತಿದ, ಅಷ್ಟೆ. ಸದ್ದಿಲ್ಲ, ಏನಿಲ್ಲ. ಜಿಂಕೆ ನಡೆದುಕೊಂಡು ಹೋಯಿತು.

ನಮ್ಮ ಕ್ಯಾಂಪಿನ ಪದ್ಧತಿ ನಿಮಗೆ ಗೊತ್ತು. ಜಿಂಕೆ ಬಿಟ್ಟವನ ಅಂಗಿಯ ಹಿಂದಿನ ತುದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತೇವೆ. ಎಷ್ಟು ಅಂಗಿಗೆ ನೀವೇ ತೇಪೆ ಹಾಕಿಲ್ಲ! ಅವತ್ತು ಕತ್ತರಿ ನನ್ನ ಕೈಯಲ್ಲಿತ್ತು. "ಏನಪ್ಪಾ, ಜಪಾನಿನವರ ಎದುರು ನಿಂತೋನಿಗೆ ಜಿಂಕೆ ಕಂಡು ನಡುಕ ಬಂತಾ?" ಎಂದೆ. ಎಲ್ಲರೂ ನಕ್ಕರು. ರೇನೋ ಬೆನ್ನು ಕೊಟ್ಟು ಅಂಗಿ ಕತ್ತರಿಸಿಕೊಂಡ. ನಾನೂ ನಿಲ್ಲಿಸಲಿಲ್ಲ, ಇನ್ನೂ ಎರಡು ಮಾತು ಸೇರಿಸಿದೆ. ಆಗ ಅವನು, "ನೀನು ತೋಟೆ ಸರಿ ಮಾಡು, ಆಮೇಲೆ ನಗು," ಎಂದುಬಿಟ್ಟ.

ಅಲ್ಲಿದ್ದ ಅಷ್ಟೂ ಜನ ನನ್ನ ಅಂಗಡಿಯ ತೋಟೆ ಜೇಬಿನಲ್ಲಿಟ್ಟುಕೊಂಡವರು. ನಾನು ಕೇಳಿದೆ: "ಹಾರದೇ ಇದ್ದ ತೋಟೆ ಎಲ್ಲಿ? ತೋರಿಸು." ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ನೆಲ ನೋಡಿಕೊಂಡು, "ಹಿಮದಲ್ಲಿ ಬಿತ್ತು, ಸಿಗಲಿಲ್ಲ," ಎಂದ.

ಸುಳ್ಳು ಹೇಳುವಾಗ ರೇನೋ ಹೇಗಿರುತ್ತಾನೆಂದು ನನಗೆ ಗೊತ್ತಿಲ್ಲವೇ? ನನ್ನ ತೋಟೆ ಕೆಟ್ಟದ್ದಾದರೆ ನನಗೇ ಇರಲಿ ಎಂದು ಮೇಜಿನ ಮೇಲಿದ್ದ ಅವನ ತೋಟೆಯ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಒಂದು ನಡುಕ ಮುಚ್ಚಿಕೊಳ್ಳಲು ಅವನು ನನ್ನ ಕಸುಬನ್ನೇ ಕೆಡಿಸಲು ಹೊರಟ. ಮುಂದಿನ ವಸಂತದಲ್ಲಿ ಅಂಗಡಿ ಇಲ್ಲಿಗೆ ತಂದೆ. ಕೆಲಸ ಚೆನ್ನಾಗಿದೆ. ಊಟ ಮೂಲೆಯ ಹೋಟೆಲಿನಲ್ಲಿ, ಮಲಗುವುದು ಅಂಗಡಿಯ ಮೇಲೆ.

ಅವನು ಏನು ಹಾರಿಸುತ್ತಿದ್ದನೋ ನನಗೂ ತಿಳಿಯದು.

ಆರ್ಮಸ್


ಬೀವರ್ ಕ್ರೀಕ್
ಜುಲೈ 30, 1962

ಆರ್ಮಸ್ ಅವರಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂದು ಒಲೆಗೆ ಹಾಕಲು ಹೋಗಿ ಬಿಟ್ಟೆ. ಆರು ವಾರ ಉತ್ತರ ಬರೆಯಲಿಲ್ಲ. ಹುಲ್ಲು ಕೊಯ್ದೆ, ನೀಲಿಹಣ್ಣು ಆರಿಸಿದೆ, ಒಬ್ಬಳಿಗೆ ಬೇಡವಾದಷ್ಟು ಜಾಮ್ ಮಾಡಿದೆ.

ನಿನ್ನೆ ಅವನ ಬೇಟೆ ಕೋಟನ್ನು ಚರ್ಚಿಗೆ ಕೊಡಲು ಬಿಸಿಲಿಗೆ ಹಾಕಿದೆ. ಒಳಜೇಬಿನ ಬಾಯಿಗೆ ದಪ್ಪ ದಾರದಲ್ಲಿ ಹೊಲಿಗೆ. ನನ್ನ ಹೊಲಿಗೆಯಲ್ಲ, ಅವನದೇ, ಮೀನುಬಲೆ ಹೊಲಿದ ಹಾಗೆ. ಬಿಚ್ಚಿದರೆ ಕರವಸ್ತ್ರದಲ್ಲಿ ಸುತ್ತಿದ ಒಂದು ತೋಟೆ. ಗುಂಡು ಮುಂದುಗಡೆ ಹಾಗೆಯೇ ಇದೆ. ಹಿಂದಿನ ಕೇಪಿನ ಮೇಲೆ ಮೊಳೆ ಹೊಡೆದ ಹಾಗೆ ಒಂದು ತಗ್ಗು. ಅಂಚಿನಲ್ಲಿ ಅರದಿಂದ ಎಳೆದ ಸಣ್ಣ ಗೆರೆ.

ನನಗೆ ಈ ವಿದ್ಯೆ ಗೊತ್ತಿಲ್ಲ. ಆದರೆ ತಗ್ಗು ಎಂದರೆ ಏನೆಂದು ಊಹಿಸಬಲ್ಲೆ. ಟಪಾಲಿನವರು ತೋಟೆ ಮುಟ್ಟುವುದಿಲ್ಲವಂತೆ. ಅದಕ್ಕೆ ನಿಮ್ಮೂರಿಗೆ ಮರ ಸಾಗಿಸುವ ನನ್ನ ಸೋದರಸಂಬಂಧಿ ಹ್ಯಾರಿಯ ಕೈಗೆ, ಹತ್ತಿಯಲ್ಲಿಟ್ಟು, ಹೇಗೆ ಹಿಡಿಯಬೇಕೆಂದು ಎಡ್ಡಿಯಿಂದ ಕೇಳಿ ತಿಳಿದು ಕೊಟ್ಟಿದ್ದೇನೆ. ಅದು ನಿಮ್ಮದು ಹೌದೋ ಅಲ್ಲವೋ, ಯಾಕೆ ಹಾರಲಿಲ್ಲ, ಇಷ್ಟು ಹೇಳಿ.

ಸೈಮಿ


ಬೀವರ್ ಕ್ರೀಕ್
ಸೆಪ್ಟೆಂಬರ್ 10, 1962

ಆರ್ಮಸ್ ಅವರಿಗೆ,

ನಿಮ್ಮ ಕೈಗೇ ಕೊಟ್ಟೆ ಎನ್ನುತ್ತಾನೆ ಹ್ಯಾರಿ. "ಅದನ್ನ ನೋಡಿದ್ದೇ ಆ ಮನುಷ್ಯ ಅಲ್ಲೇ ಕೂತ್ಬಿಟ್ಟ ಸೈಮಿ, ನನಗೆ ಕಾಫಿ ಕುಡೀತೀಯಾ ಅಂತಲೂ ಕೇಳ್ಲಿಲ್ಲ," ಎಂದ. ಮೇಪಲ್ ಎಲೆ ಕೆಂಪಾಗಿದೆ. ನಾನು ದಿನಾ ಟಪಾಲು ಡಬ್ಬಿಯವರೆಗೆ ನಡೆದು ಬರಿಗೈಯಲ್ಲಿ ವಾಪಸು ಬರುತ್ತಿದ್ದೇನೆ.

ಸೈಮಿ


ಗ್ರೀನ್ ಬೇ
ಸೆಪ್ಟೆಂಬರ್ 28, 1962

ಸೈಮಿ,

ಅದು ನನ್ನದೇ. ಆ ಗೆರೆ ನನ್ನ ಗುರುತು.

ಕೇಪಿನ ಮೇಲೆ ಕೋವಿಯ ಸೂಜಿ ಸರಿಯಾಗಿಯೇ ಹೊಡೆದಿದೆ. ಕೋವಿಯದು ತಪ್ಪಿಲ್ಲ, ರೇನೋನದೂ ಇಲ್ಲ. ಬಿಚ್ಚಿ ನೋಡಿದೆ. ಮದ್ದು ಒಣಗಿಯೇ ಇದೆ, ಅದಕ್ಕೆ ಕಿಡಿ ಕೊಡುವ ಕೇಪು ಸತ್ತಿದೆ. ವರ್ಷಗಟ್ಟಲೆ ಕೋಟಿನಲ್ಲಿ ಬಿದ್ದು ಕೆಟ್ಟ ಮೇಲೆ ಅವನು ಎಂದೋ ಹೊಡೆದು ನೋಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಲವು ದಿನ ಹಾಗೆ ಹೇಳಿಕೊಂಡೇ ಕಳೆದೆ. ಆಮೇಲೆ ಅವತ್ತು ಮೇಜಿನಿಂದ ಎತ್ತಿಕೊಂಡು ಬಂದ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿದೆ. ಈವರೆಗೆ ಅದನ್ನು ತೆರೆದಿರಲಿಲ್ಲ. ಒಂದೊಂದಾಗಿ ಬಿಚ್ಚಿದೆ. ಅದರಲ್ಲೂ ಎರಡು ಕೇಪು ಸತ್ತಿದ್ದವು.

ಹಿತ್ತಾಳೆ ಚಿಪ್ಪನ್ನು ಅಚ್ಚಿನಲ್ಲಿ ಒತ್ತಲು ಎಣ್ಣೆ ಬಳಿಯುತ್ತೇವೆ. ಒತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಒಣಗಿಸಿಕೊಂಡು, ಆಮೇಲಷ್ಟೇ ಕೇಪು ಮುಟ್ಟಬೇಕು. ಬೆರಳಿನ ಎಣ್ಣೆ ತಾಗಿದರೂ ಸಾಕು, ಕೇಪು ಸಾಯುತ್ತದೆ. ಇದು ಈ ಕಸುಬಿನ ಮೊದಲ ಪಾಠ. ಹೊಸ ಅಂಗಡಿ, ಬೇಟೆಗೆ ವಾರವಷ್ಟೇ ಬಾಕಿ, ಎಲ್ಲರಿಗೂ ಅವಸರ. ಬೇರೆಯವರದು ಸಾದಾ ತೋಟೆ, ಅವಕ್ಕೆ ಎಣ್ಣೆ ಬೇಕಿರಲಿಲ್ಲ. ಅವನ ಕೋವಿಗೆ ಮಾತ್ರ ಬೇಕಿತ್ತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿರಬೇಕು.

ಅವನ ಜೇಬಿನಲ್ಲಿತ್ತು, ಸೈಮಿ. ನಾನು ತೋರಿಸು ಎಂದಾಗ ಅದು ಅವನ ಜೇಬಿನಲ್ಲೇ ಇತ್ತು.

ಆರ್ಮಸ್


ಬೀವರ್ ಕ್ರೀಕ್
ಅಕ್ಟೋಬರ್ 8, 1962

ಆರ್ಮಸ್,

ನಿಮ್ಮ ಕಾಗದ ಓದಿ ಎರಡು ದಿನ ಅತ್ತೆ. ಈಗ ಅಳು ಮುಗಿದಿದೆ, ಸಿಟ್ಟು ಇದೆ.

ನನ್ನ ಲೆಕ್ಕ ಈಗ ತಾಳೆಯಾಯಿತು. ಅವನು ಏನನ್ನೂ ಹಾರಿಸುತ್ತಿರಲಿಲ್ಲ. ವರ್ಷವರ್ಷವೂ ಬರಿಯ ಕೋವಿ ಹೆಗಲಿಗೆ ಹಾಕಿಕೊಂಡು ಹೋಗಿ, ಚಳಿಯಲ್ಲಿ ದಿನವಿಡೀ ಕೂತು, "ಏನೂ ಬರ್ಲಿಲ್ಲ" ಎನ್ನುತ್ತ ಬಂದ. ಬೇರೆ ಕೋವಿ ಕೊಳ್ಳಬಹುದಿತ್ತು. ನನ್ನಣ್ಣ ಒಂದನ್ನು ಸುಮ್ಮನೆ ಕೊಡಲು ಬಂದಿದ್ದ, ಬೇಡ ಎಂದ. ನನಗೆ ಆಗ ಅರ್ಥವಾಗಿರಲಿಲ್ಲ. ಆ ಕೋವಿಗೆ ನಿಮ್ಮ ತೋಟೆ ಬಿಟ್ಟು ಬೇರೆ ಆಗದೆಂದು ಕ್ಯಾಂಪಿಗೆಲ್ಲ ಗೊತ್ತು. ಅವನು ಬೇರೆ ಕೋವಿ ಹಿಡಿದಿದ್ದರೆ, ಆರ್ಮಸನ ತೋಟೆ ನಿಜವಾಗಿಯೂ ಕೆಟ್ಟದ್ದು ಎಂದು ಊರಿಗೆ ಊರೇ ಅನ್ನುತ್ತಿತ್ತು. ಸಿಟ್ಟಿನಲ್ಲಿ ಬಾಯಿ ತಪ್ಪಿ ಒಂದು ಮಾತು ಆಡಿದ, ಉಳಿದ ಆಯುಸ್ಸನ್ನೆಲ್ಲ ಅದನ್ನು ಅಳಿಸುವುದರಲ್ಲಿ ಕಳೆದ. ನನಗೂ ಹೇಳಲಿಲ್ಲ. ಹೇಳಿದ್ದರೆ ನಾನು ಸಹಕಾರಿ ಅಂಗಡಿಯಲ್ಲಿ ನಿಂತು ಕೂಗುತ್ತಿದ್ದೆ, ಅದು ಅವನಿಗೆ ಗೊತ್ತಿತ್ತು.

ನನಗೆ ನಿಮ್ಮ ಹೂವು ಬೇಡ. ಬೇಟೆ ಶುರುವಾಗುವ ಹಿಂದಿನ ದಿನ, ನವೆಂಬರ್ ಹದಿನಾಲ್ಕರ ಸಂಜೆ, ಕ್ಯಾಂಪಿಗೆ ಬನ್ನಿ. ನೀವು ಕತ್ತರಿ ಹಿಡಿದು ನಿಂತಿದ್ದ ಜಾಗದಲ್ಲೇ ನಿಂತು, ರೇನೋ ನಡುಗಲಿಲ್ಲ, ತೋಟೆ ನನ್ನ ಕೈಯಿಂದಲೇ ಕೆಟ್ಟಿತ್ತು ಎಂದು ಹೇಳಿ. ನನಗೆ ಇಷ್ಟೇ ಬೇಕು. ಜಿಂಕೆ ಬಂದರೂ ಸರಿ, ಬಿಟ್ಟರೂ ಸರಿ.

ಸೈಮಿ


ಗ್ರೀನ್ ಬೇ
ಅಕ್ಟೋಬರ್ 23, 1962

ಸೈಮಿ,

ನೀವು ಕೇಳುತ್ತಿರುವುದು ಏನೆಂದು ನಿಮಗೆ ಗೊತ್ತೇ? ತೋಟೆ ಮಾಡುವವನನ್ನು ಜನ ನಂಬಿ ಕಣ್ಣಿನ ಪಕ್ಕ ಮದ್ದು ಇಟ್ಟುಕೊಳ್ಳುತ್ತಾರೆ. ಇಂಥ ಮಾತು ಒಂದು ಸಲ ಹೊರಬಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ. ನನಗೆ ಅಂಗಡಿ ಬಿಟ್ಟರೆ ಬೇರೇನೂ ಇಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಹೋಟೆಲಿನವಳಿಗೂ ನನ್ನ ಪೂರ್ತಿ ಹೆಸರು ಗೊತ್ತಿಲ್ಲ.

ಅವನ ಸಮಾಧಿಗೆ ಬರುತ್ತೇನೆ. ಅಲ್ಲಿ ಹೇಳುತ್ತೇನೆ. ಕ್ಯಾಂಪು ಬೇಡ.

ಆರ್ಮಸ್


ಬೀವರ್ ಕ್ರೀಕ್
ಅಕ್ಟೋಬರ್ 29, 1962

ಆರ್ಮಸ್,

ಸಮಾಧಿಗೆ ಬಂದು ಹೇಳುವುದೇನಿದೆ? ಅವನಿಗೆ ಮೊದಲೇ ಗೊತ್ತು.

ಸೈಮಿ


ಗ್ರೀನ್ ಬೇ
ನವೆಂಬರ್ 19, 1962

ಪ್ರೀತಿಯ ಸೈಮಿ,

ಬಸ್ಸು ತಡವಾಗಿ ಮುಟ್ಟಿತು, ಕಾಲು ಇನ್ನೂ ಮರಗಟ್ಟಿದೆ. ನಿಮ್ಮ ಮನೆಯ ಊಟಕ್ಕೆ, ಸೌನಾಕ್ಕೆ ಸರಿಯಾಗಿ ಉಪಕಾರ ಹೇಳದೆ ಹೊರಟುಬಿಟ್ಟೆ. ಕೋವಿಯ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ನಿಮ್ಮ ಅಡುಗೆಮನೆಯಲ್ಲಿ ಗೂಡಿಗೆ ಲೋಹ ಕರಗಿಸಿ ಹುಯ್ದು ತೆಗೆದ ಅಚ್ಚನ್ನು ಇಲ್ಲಿ ಮತ್ತೆ ಅಳೆದೆ, ನಾನು ತಂದ ತೋಟೆಗೆ ಸರಿಯಾಗಿ ಹೊಂದುತ್ತದೆ. ಹಳೆ ಟೈರಿಗೆ ಕೋವಿ ಕಟ್ಟಿ, ಮರದ ಹಿಂದೆ ನಿಂತು ಹಗ್ಗದಿಂದ ಟ್ರಿಗರ್ ಎಳೆದಾಗ ನೀವು ನಕ್ಕಿರಿ. ಮೊದಲ ತೋಟೆಯನ್ನು ಹಾಗೆಯೇ ಹಾರಿಸಬೇಕು, ಯಾರ ಕೈಯದಾದರೂ. ಹಾರಿಸಿದ ತೋಟೆಯ ಚಿಪ್ಪಿನಲ್ಲಿ ಒಂದು ಬಿರುಕೂ ಇಲ್ಲ.

ಕ್ಯಾಂಪಿನಲ್ಲಿ ಏನಾಯಿತೆಂದು ನೀವು ಅವತ್ತು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಯಿಂದ ಆಗಲಿಲ್ಲ, ಬರೆಯುತ್ತೇನೆ.

ನಾನು ಬಾಗಿಲು ತೆರೆದಾಗ ಒಳಗೆ ಇಬ್ಬರೇ. ಒಬ್ಬ ವೈನೋ, ಕಿವಿ ಬಹುಪಾಲು ಹೋಗಿದೆ. ಇನ್ನೊಬ್ಬ ಅವನ ಅಳಿಯ, ಡೆಟ್ರಾಯಿಟಿನವನು, ಕಿವಿಗೆ ರೇಡಿಯೋ ಹಚ್ಚಿಕೊಂಡಿದ್ದ. ಉಳಿದವರಲ್ಲಿ ಇಬ್ಬರು ತೀರಿಕೊಂಡರಂತೆ, ಒಬ್ಬ ಫ್ಲಾರಿಡಾಕ್ಕೆ ಹೋದನಂತೆ. ದಾರಿಯುದ್ದಕ್ಕೂ ನಾನು ತುಂಬಿದ ಮನೆಗೆ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೂ ಒಲೆಯ ಪಕ್ಕ, ಅದೇ ಜಾಗದಲ್ಲಿ ನಿಂತು, ಟೋಪಿ ತೆಗೆದು ಎಲ್ಲವನ್ನೂ ಹೇಳಿದೆ. ಎಣ್ಣೆಯ ವಿಷಯ, ಜೇಬಿನ ವಿಷಯ, ಬರಿಯ ಕೋವಿ ಹಿಡಿದು ಕೂತದ್ದು, ಒಂದನ್ನೂ ಬಿಡಲಿಲ್ಲ. ವೈನೋಗೆ ಕೇಳಲೆಂದು ಕೂಗಿ ಹೇಳಿದೆ.

ವೈನೋ ನನ್ನನ್ನೇ ನೋಡುತ್ತಿದ್ದು, "ಯಾರು, ರೇನೋನಾ? ಒಳ್ಳೆ ಬೇಟೆಗಾರ ಕಣೋ ಅವ್ನು," ಎಂದ. "ಆ ಗೆಡ್ಡೆ ಪಾತ್ರೆ ಈ ಕಡೆ ತಳ್ಳು, ತಣ್ಣಗಾಗುತ್ತೆ."

ಅಳಿಯ ರೇಡಿಯೋದಿಂದ ತಲೆಯೆತ್ತಿ, "ನಡುಗಿದ್ದು ಯಾರು ಅಂದ್ರಿ?" ಎಂದು ಕೇಳಿದ. ಗೋಡೆಯ ಮೇಲಿನ ರೇನೋನ ಅಂಗಿಚೂರನ್ನು ಕೀಳಲು ಹೋದೆ. "ಬಿಡೋ ಮಾರಾಯ, ಅದರ ಹಿಂದೆ ಹಲಗೆ ಸೀಳಿದೆ, ಗಾಳಿ ನುಗ್ಗುತ್ತೆ," ಎಂದ ವೈನೋ. ಬಿಟ್ಟೆ.

ಮರುದಿನ ರೇನೋನ ಜಾಗದಲ್ಲಿ ಕತ್ತಲಾಗುವವರೆಗೂ ಕೂತಿದ್ದೆ. ನೀವು ಕೂರಬೇಕೆಂದಿದ್ದ ಜಾಗವನ್ನು ನನಗೆ ಬಿಟ್ಟುಕೊಟ್ಟಿರಿ. ಕೋವಿಯಲ್ಲಿ ತೋಟೆ ಇತ್ತು, ಆದರೂ ಚಳಿಯಲ್ಲಿ ಒಂದು ದಿನ ಕಳೆಯುವುದು ನನಗೆ ಸಾಕುಸಾಕಾಯಿತು. ಏನೂ ಬರಲಿಲ್ಲ.

ಯಾರ ಎದುರು ನನ್ನ ಹೆಸರು ಕೆಡುತ್ತದೆಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆನೋ ಅವರು ಯಾರೂ ಅಲ್ಲಿಲ್ಲ, ಸೈಮಿ. ಯಾರಿಗೂ ನೆನಪೂ ಇಲ್ಲ. ನಾನು ಹೇಳಿದ್ದು ಯಾರಿಗೂ ಮುಟ್ಟಲಿಲ್ಲ. ನೀವು ಕೇಳಿದ್ದನ್ನು ನನ್ನಿಂದ ಕೊಡಲಾಗಲಿಲ್ಲ, ಕ್ಷಮಿಸಿ.

ಆರ್ಮಸ್


ಬೀವರ್ ಕ್ರೀಕ್
ನವೆಂಬರ್ 26, 1962

ಪ್ರೀತಿಯ ಆರ್ಮಸ್,

ಮುಟ್ಟಲಿಲ್ಲ ಎಂದು ನಿನಗೆ ಯಾರು ಹೇಳಿದರು?

ಹದಿನಾಲ್ಕರ ಸಂಜೆ ನೀನು ಹೊರಟ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹ್ಯಾರಿಯ ಲಾರಿಯಲ್ಲಿ ಕ್ಯಾಂಪಿನ ತಿರುವಿನವರೆಗೆ ಹೋಗಿ, ಅಲ್ಲಿಂದ ಹಿಮದಲ್ಲಿ ನಡೆದು, ಕಿಟಕಿಯ ಕೆಳಗೆ ನಿಂತಿದ್ದೆ. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲ, ಹೊರಗೆ ನಿಲ್ಲಬಾರದೆಂದು ಯಾರೂ ಹೇಳಿಲ್ಲ. ವೈನೋಗೆಂದು ನೀನು ಕೂಗಿದ್ದು ನನಗೆ ಅಕ್ಷರ ಅಕ್ಷರವೂ ಕೇಳಿಸಿತು. "ರೇನೋ ನಡುಗಲಿಲ್ಲ" ಎಂದು ನೀನು ಎರಡು ಸಲ ಹೇಳಿದೆ. ನಾನು ಅಲ್ಲೇ ಸೌದೆಯ ರಾಶಿ ಹಿಡಿದುಕೊಂಡು ಅತ್ತೆ. ಆಮೇಲೆ ನೀನು ಬರುವ ಮುಂಚೆ ಮನೆ ಸೇರಿ ನಿನಗೆ ಕಾಫಿ ಇಟ್ಟೆ.

ಊರಿಗೆ ಕೇಳಿಸಬೇಕೆಂದು ನಾನು ಅಂದುಕೊಂಡಿದ್ದೆ. ಅಷ್ಟು ವರ್ಷ ಅವನು ಬರಿಗೈಯಲ್ಲಿ ಬಂದಾಗೆಲ್ಲ, ಇವನಿಗೆ ನಿಜಕ್ಕೂ ಧೈರ್ಯ ಹೋಯಿತೇನೋ ಎಂದು ಒಳಗೊಳಗೇ ಅಂದುಕೊಂಡವಳು ನಾನೂ ಹೌದು. ಕೇಳಬೇಕಾಗಿದ್ದವಳು ಕೇಳಿದಳು. ಇನ್ನು ಆ ಮಾತು ಬಿಡು.

ಮುಂದಿನ ವರ್ಷ ಆ ಜಾಗದಲ್ಲಿ ಕೂರುವವಳು ನಾನು, ನಿನಗೆ ಬಿಟ್ಟುಕೊಡುವುದಿಲ್ಲ. ತೋಟೆ ಬೇಕು. ಟಪಾಲಿನವರು ತರುವುದಿಲ್ಲ, ಹ್ಯಾರಿಯ ಕೈಯಿಂದ ನಾನು ತೆಗೆದುಕೊಳ್ಳುವುದಿಲ್ಲ, ನೀನೇ ತರಬೇಕು. ಮೊದಲು ಕೈ ತೊಳೆದುಕೋ.

ಸೈಮಿ